ಕುಳಿ ಬೀಳದ ಹಾಸಿಗೆ

ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಮಗಳು ಕಿವಿಗಿಟ್ಟುಕೊಂಡವಳು ಎರಡು ಸಲ "ಹೌದಾ" ಎಂದಳು, ಒಂದು ಸಲ "ನಾಳೆನಾ" ಎಂದಳು. ಆಮೇಲೆ ಫೋನನ್ನು ಸಕ್ಕರೆ ಡಬ್ಬದ ಮೇಲಿಟ್ಟು, ನನ್ನ ಎರಡೂ ಕೈ ಹಿಡಿದು, ಅಡುಗೆಮನೆಯಲ್ಲೇ ಒಂದು ಸುತ್ತು ಹೊಡೆಸಿದಳು. ಅರವತ್ತೆಂಟು ವರ್ಷದ ನನ್ನ ಮಂಡಿಗಳು ಅದಕ್ಕೆ ತಯಾರಿರಲಿಲ್ಲ. ಆದರೂ ಸುತ್ತಿದೆ.

"ಮಕ್ಕಳನ್ನ ನಾಳೆ ಕಳಿಸ್ತಾರಂತೆ ಅಪ್ಪ. ಇಬ್ಬರನ್ನೂ. ಇವತ್ತು ಮೂರು ಗಂಟೆಗೆ ಅಲ್ಲಿಯ ನರ್ಸ್ ಬಂದು ಅವರು ಮಲಗೋ ಜಾಗ ನೋಡ್ತಾರಂತೆ. ಸರಿಯಿದ್ರೆ ನಾಳೆ ಬೆಳಿಗ್ಗೆ. ಇಲ್ದಿದ್ರೆ ಅವರು ಮತ್ತೆ ಈ ಕಡೆ ಬರೋದು ಮುಂದಿನ ವಾರವಂತೆ."

ಅವಳಿ ಮಕ್ಕಳು. ಮೊದಲು ಹೆಣ್ಣು, ಆರು ನಿಮಿಷದ ಮೇಲೆ ಗಂಡು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಮೂವತ್ತನಾಲ್ಕು ದಿನಗಳಿಂದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಗಳಲ್ಲೇ ಇದ್ದವು. ಮಗಳು ದಿನಕ್ಕೆರಡು ಸಲ ಹೋಗಿ ಹಾಲು ಕೊಟ್ಟು ಬರಿಗೈಯಲ್ಲಿ ವಾಪಸ್ಸು ಬರುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

"ಮುಂದಿನ ವಾರದ ಮಾತೇ ಇಲ್ಲ" ಎಂದೆ. "ಜಾಗ ನೋಡಿ ಆ ನರ್ಸಮ್ಮನೇ ಅಲ್ಲಿ ಮಲಗ್ತೀನಿ ಅನ್ನದಿದ್ರೆ ನನ್ನ ಹೆಸರು ಬೇರೆ ಇಡು."

ಇಷ್ಟು ಜಂಬ ಕೊಚ್ಚಲು ಕಾರಣವಿತ್ತು. ನಾನು ಹಾಸಿಗೆ ಹೊಲಿಯುವವನು. ನಲವತ್ತೈದು ವರ್ಷ ಹತ್ತಿ ಹಿಂಜಿದ್ದೇನೆ, ತುಂಬಿದ್ದೇನೆ, ಕೋಲಿನಿಂದ ಬಡಿದು ಉಬ್ಬಿಸಿದ್ದೇನೆ. ನಮ್ಮ ಕಸುಬಿನಲ್ಲಿ ಒಂದು ಪರೀಕ್ಷೆಯಿದೆ. ಹಾಸಿಗೆಯನ್ನು ಮುಷ್ಟಿಯಿಂದ ಒತ್ತಿ ಕೈ ತೆಗೆದು ಎಣಿಸಬೇಕು. ಬಿದ್ದ ಕುಳಿ ಐದು ಎಣಿಸುವುದರೊಳಗೆ ಮೇಲೆದ್ದರೆ ಸಾಧಾರಣ ಮಾಲು. ಹತ್ತು ದಾಟಿದರೆ ಅದು ನನ್ನ ಕೈಯ ಹಾಸಿಗೆ.

ಮೊಮ್ಮಕ್ಕಳಿಗೆಂದು ಹೊಲಿದದ್ದು ಹನ್ನೊಂದಕ್ಕೆ ಏಳುತ್ತಿತ್ತು. ಬೂರುಗದ ಅರಳೆಯನ್ನು ಒಂದೊಂದು ಬೀಜ ಆರಿಸಿ ತುಂಬಿದ್ದೆ. ಜೊತೆಗೆ ಅಂಗೈಯಗಲದ ಎರಡು ದಿಂಬು, ಸುತ್ತ ಒತ್ತಿಡಲು ನಾಲ್ಕು ಉರುಳುದಿಂಬು, ಮೇಲೊಂದು ತೆಳು ರಜಾಯಿ. ಇದೆಲ್ಲ ಕೂರಲು ಅಳಿಯನ ಕೈಯಲ್ಲಿ ಒಂದು ಮಂಚವನ್ನೂ ಮಾಡಿಸಿದ್ದೆ. ಅವನು ಲಿಫ್ಟ್ ರಿಪೇರಿ ಮಾಡುವವನು, ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಿದ್ದೆ ಬಾರದ ಜಾತಿ. ಮೂರು ಕಡೆ ಕಟಕಟೆ, ನಾಲ್ಕನೆಯ ಕಡೆ ತೆರೆದು, ದೊಡ್ಡ ಮಂಚಕ್ಕೆ ಅಂಟಿಕೊಂಡು ನಿಲ್ಲುವ ಮಂಚ. ತಾಯಿ ಮಗ್ಗುಲು ತಿರುಗಿದರೆ ಮಕ್ಕಳು ಕೈಗೆ ಸಿಗಬೇಕು ಎನ್ನುವುದು ನನ್ನ ಲೆಕ್ಕ. ಎತ್ತರದ ಅಳತೆ ಕೊಟ್ಟವನೂ ನಾನೇ.

ಅಳಿಯನಿಗೆ ಇದು ಪೂರ್ತಿ ಒಪ್ಪಿಗೆಯಿರಲಿಲ್ಲ. ಮಕ್ಕಳು ಹುಟ್ಟಿದ ವಾರದಲ್ಲೇ ಅವನ ಜೊತೆ ಕೆಲಸ ಮಾಡುವವರು ಸೇರಿ ಎರಡು ಪುಟ್ಟ ತೊಟ್ಟಿಲುಮಂಚ ಕೊಟ್ಟಿದ್ದರು. ನಾಲ್ಕೂ ಕಡೆ ಸರಳು, ಒಳಗೆ ಹಲಗೆಯಂಥ ತೆಳು ಹಾಸಿಗೆ. ನಾನು ಅವಕ್ಕೆ ಕೋಳಿಗೂಡು ಎಂದು ಹೆಸರಿಟ್ಟು, ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದೆ. ನನ್ನ ಹೆಂಡತಿ ಬದುಕಿದ್ದರೆ ಅಂದೇ ನನ್ನ ಕಿವಿ ಹಿಂಡುತ್ತಿದ್ದಳು. ಅವಳಿಲ್ಲದ ಮನೆಯಲ್ಲಿ ನನ್ನ ಮಾತಿಗೆ ಎದುರು ಹೇಳುವವರು ಯಾರೂ ಇರಲಿಲ್ಲ.

ಮೂರಕ್ಕೆ ಸರಿಯಾಗಿ ನರ್ಸ್ ಬಂದಳು. ಎತ್ತರದ ಹೆಂಗಸು, ಹೆಗಲಿಗೊಂದು ದಪ್ಪ ಚೀಲ. ನೀರು ಕುಡಿದು ನೇರ ಕೋಣೆಗೆ ಹೋದಳು. ನಾನು ಮದುಮಗಳನ್ನು ತೋರಿಸುವವನ ಹಾಗೆ ರಜಾಯಿ ಸರಿಸಿದೆ. ಅವಳು ಮುಷ್ಟಿ ಕಟ್ಟಿ ಹಾಸಿಗೆಯನ್ನು ಒತ್ತಿ ತೆಗೆದಳು. ಓಹೋ, ನಮ್ಮ ಕಸುಬು ತಿಳಿದವಳು ಎಂದು ಹಿಗ್ಗಿ, ನಾನು ಜೋರಾಗಿ ಎಣಿಸತೊಡಗಿದೆ.

"ಹನ್ನೊಂದು" ಎಂದು ಮುಗಿಸಿ ಅವಳ ಮುಖ ನೋಡಿದೆ.

"ಯಜಮಾನ್ರೆ, ಈ ಕುಳಿಯಲ್ಲಿ ಮಗುವಿನ ಮೂಗು ಹುದುಗಿಕೊಂಡ್ರೆ, ಹನ್ನೊಂದರ ತನಕ ಅದು ಉಸಿರು ಹಿಡ್ಕೊಂಡಿರುತ್ತಾ?"

ಅವಳು ದಿಂಬುಗಳನ್ನು ಎತ್ತಿ ಕುರ್ಚಿಯ ಮೇಲಿಟ್ಟಳು, ಅವುಗಳ ಮೇಲೆ ಉರುಳುದಿಂಬು, ಅದರ ಮೇಲೆ ರಜಾಯಿ. ಒಂದೊಂದನ್ನೂ ಎತ್ತುವಾಗ "ಇದೂ ಬೇಡ" ಎನ್ನುತ್ತಿದ್ದಳು, ಬೈಯುವ ದನಿಯಲ್ಲಲ್ಲ. ಆಮೇಲೆ ಮಗಳ ಕಡೆ ತಿರುಗಿದಳು.

"ನೀವು ದಿನಾ ಮಲಗೋ ಹಾಗೆ ಮಲಗಿ ನೋಡೋಣ."

ಮಗಳು ದೊಡ್ಡ ಮಂಚದ ಮೇಲೆ ಎಡ ಮಗ್ಗುಲಾಗಿ ಮಲಗಿದಳು. ಅವಳ ಕೆಳಗಿನ ಹಾಸಿಗೆ ಅವಳ ಮದುವೆಗೆ ನಾನು ಹೊಲಿದುಕೊಟ್ಟದ್ದು, ನನ್ನ ಜನ್ಮದ ಅತ್ಯುತ್ತಮ ಕೆಲಸ. ಅದು ನಾಲ್ಕು ಬೆರಳು ಕುಸಿಯಿತು. ಅಂಚು ಒಳಕ್ಕೆ ಎಳೆದುಕೊಂಡು, ಎರಡು ಹಾಸಿಗೆಗಳ ನಡುವೆ ಸಂದು ಬಾಯಿಬಿಟ್ಟಿತು. ನರ್ಸ್ ಅದರೊಳಗೆ ತನ್ನ ಕೈಯನ್ನು ಮಣಿಕಟ್ಟಿನ ತನಕ ಇಳಿಸಿ ನನಗೆ ತೋರಿಸಿದಳು.

ಅಳಿಯ ಸಂದನ್ನು ನೋಡಿದ, ನನ್ನನ್ನು ನೋಡಿದ. "ಮಾವ, ಅಳತೆ ತೆಗೆಯೋ ಮುಂಚೆ ಹಾಸಿಗೆ ಬಡಿದಿದ್ರಾ?"

ಬಡಿದಿದ್ದೆ. ಬಡಿದು ಉಬ್ಬಿಸದೆ ಅಳತೆ ತೆಗೆಯುವುದು ನಮ್ಮ ಕಸುಬಿನಲ್ಲಿ ಅವಮಾನ. ಹಾಸಿಗೆ ತನ್ನ ಪೂರ್ತಿ ಎತ್ತರದಲ್ಲಿರುವಾಗಲೇ ಅಳೆಯಬೇಕು. ಅದರ ಮೇಲೆ ಮನುಷ್ಯರು ಮಲಗುತ್ತಾರೆ ಎಂಬುದು ಆ ಹೊತ್ತಿಗೆ ನನ್ನ ತಲೆಗೆ ಬಂದಿರಲಿಲ್ಲ.

"ತಾಯಿಯ ಮಂಚದ ಪಕ್ಕದಲ್ಲೇ ಇರ್ಲಿ, ಆದ್ರೆ ಒಬ್ಬೊಬ್ಬರಿಗೂ ತಮ್ಮದೇ ಜಾಗ ಬೇಕು" ಎಂದಳು ನರ್ಸ್. "ನಾಲ್ಕೂ ಕಡೆ ಕಟಕಟೆ. ಗಟ್ಟಿ, ಮಟ್ಟಸ ಹಾಸಿಗೆ. ಅಂಗಾತ ಮಲಗಿಸ್ಬೇಕು. ಮಗು ಬಿಟ್ರೆ ಒಳಗೆ ಬೇರೇನೂ ಇರಬಾರದು."

"ಅಂಥವು ಎರಡಿವೆ ಸಿಸ್ಟರ್, ಅಟ್ಟದ ಮೇಲೆ" ಎಂದ ಅಳಿಯ.

"ಮತ್ತೇನು, ಇಳಿಸಿ. ಹಾಸಿಗೆಗಳೂ ಇವೆ ತಾನೆ?"

ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಗೆ ಮಗಳೇ ಹೇಳಿದಳು. "ಅಪ್ಪ ಅವನ್ನ ಕತ್ತರಿಸಿಬಿಟ್ರು."

"ಯಾಕೆ?"

"ಒಳಗೇನಿದೆ ಅಂತ ನೋಡೋಕೆ."

ಹಾಸಿಗೆ ಹೊಲಿಯುವವನ ಕೈಗೆ ಬೇರೆಯವರ ಹಾಸಿಗೆ ಸಿಕ್ಕರೆ ಹೊಲಿಗೆ ಬಿಚ್ಚದೆ ಇರಲಾಗುತ್ತದೆಯೇ. ಬಿಚ್ಚಿದ್ದೆ. ಒಳಗೆ ಫೋಮ್ ಇತ್ತು. ನಕ್ಕು, ತುಂಡು ಮಾಡಿ, ಅಂಗಡಿಯ ಸ್ಟೂಲಿಗೆ ಮೆತ್ತೆ ಮಾಡಿಕೊಂಡಿದ್ದೆ. ನರ್ಸ್ ನಗು ತಡೆಯಲು ಚೀಲದೊಳಗೆ ಏನನ್ನೋ ಹುಡುಕಿದಳು.

"ಇದೇ ರಸ್ತೆಯಲ್ಲಿ ನಂಗೆ ಇನ್ನೆರಡು ಮನೆ ಇದೆ. ಆರು ಗಂಟೆಗೆ ಮತ್ತೆ ಬರ್ತೀನಿ. ಅಷ್ಟರೊಳಗೆ ಆದ್ರೆ ನಾಳೆಗೇ ಬರೆದುಕೊಡ್ತೀನಿ" ಎಂದು ಹೊರಟಳು.

ಬಾಗಿಲು ಮುಚ್ಚಿದ್ದೇ ನನ್ನ ಸಿಟ್ಟು ನೆತ್ತಿಗೇರಿತು. ಹಲಗೆಯ ಮೇಲೆ ಮಲಗಿಸಲು ಮಕ್ಕಳೇನು ರೊಟ್ಟಿ ಹಿಟ್ಟೇ, ನೀನೂ ನನ್ನ ಅರಳೆಯ ಮೇಲೇ ಬೆಳೆದವಳಲ್ಲವೇ ಎಂದೆಲ್ಲ ಕೂಗಾಡಿದೆ. ಮಗಳು ಮಂಚದಿಂದ ಏಳಲಿಲ್ಲ. ಆ ಸಂದಿನೊಳಗೆ ಕೈಯಿಟ್ಟುಕೊಂಡೇ ಕೂತಿದ್ದಳು.

"ಅಪ್ಪ, ನಂಗೆ ನನ್ನ ಮಕ್ಕಳು ನಾಳೆ ಬೇಕು."

ಅಷ್ಟೇ ಹೇಳಿದಳು. ನನ್ನ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಅದು ಅವಳ ಮೇಲಿಂದ ಎದ್ದು ನನ್ನ ಮೇಲೇ ಬಂದು ಕೂತಿತು. ಚಪ್ಪಲಿ ಮೆಟ್ಟಿಕೊಂಡೆ.

ಗಟ್ಟಿ ಫೋಮ್ ಸಿಗುವುದು ಒಂದೇ ಕಡೆ. ನನ್ನ ಅಂಗಡಿಯ ಎದುರಿನ ಅಂಗಡಿಯಲ್ಲಿ. ಅದರ ಯಜಮಾನನಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿಲ್ಲ. 'ಬಡಿಯಬೇಕಿಲ್ಲ, ಬಿಸಿಲಿಗೆ ಹಾಕಬೇಕಿಲ್ಲ' ಎಂದು ಅವನು ಬೋರ್ಡು ಬರೆಸಿದ ದಿನವೇ ನಾನು ಆ ಕಡೆ ನೋಡುವುದನ್ನು ಬಿಟ್ಟಿದ್ದೆ. ನಾನು ಮೆಟ್ಟಿಲು ಹತ್ತಿದ್ದನ್ನು ಕಂಡು ಫೋಮಿನವನ ಕೈಯಿಂದ ಅಳತೆಪಟ್ಟಿ ಜಾರಿ ಬಿತ್ತು.

"ಫೋಮ್ ಬೇಕು" ಎಂದೆ. "ಗಟ್ಟಿ ಇರೋದು."

"ಎಷ್ಟು ಗಟ್ಟಿ ಅಣ್ಣ?"

"ನಿನ್ನ ತಲೆಯಷ್ಟು. ಅಷ್ಟು ಇಲ್ದಿದ್ರೆ ನನ್ನ ತಲೆಯಷ್ಟು."

"ಯಾರಿಗೆ?"

"ಮೊಮ್ಮಕ್ಕಳಿಗೆ. ಆರು ಗಂಟೆಯೊಳಗೆ ಆದ್ರೆ ನಾಳೆ ಮನೆಗೆ ಬರ್ತಾರೆ."

ಅವನು ಗೋಡೆಯ ಗಡಿಯಾರ ನೋಡಿದ. ಮೂರೂಮುಕ್ಕಾಲು. ಮುಂದೆ ಒಂದು ಮಾತೂ ಕೇಳದೆ ಒಳಗಿನಿಂದ ಹೊಸ ಹಾಳೆಯೊಂದನ್ನು ಎಳೆದು ಮೇಜಿನ ಮೇಲೆ ಹಾಕಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಮಾಲಿಗೆ ನನ್ನ ಮುಷ್ಟಿ ಒತ್ತಿದೆ. ಕುಳಿಯೇ ಬೀಳಲಿಲ್ಲ. ಬೇರೆ ದಿನವಾಗಿದ್ದರೆ ಅದನ್ನು ಬೀದಿಗೆಲ್ಲ ಹೇಳಿ ನಗುತ್ತಿದ್ದೆ. ಅಂದು ಹೊಟ್ಟೆಗೆ ತಣ್ಣಗೆ ಹಾಲು ಹೊಯ್ದಂತಾಯಿತು.

ಅಳಿಯ ಫೋನಿನಲ್ಲಿ ಎರಡೂ ಮಂಚಗಳ ಒಳ ಅಳತೆ ಹೇಳಿದ. ಫೋಮಿನವನು ಬರೆದುಕೊಂಡು, ಮತ್ತೊಮ್ಮೆ ಹೇಳಿಸಿ, ಕರೆಂಟಿನ ಗರಗಸ ಹಿಡಿದ. "ಅಂಚಿನಲ್ಲಿ ಸಂದು ಉಳಿಯಬಾರದು" ಎಂದು ನಾನು ಮೂರು ಸಲ ಹೇಳಿದ ಮೇಲೆ ಅವನು ತಲೆಯೆತ್ತಿದ. "ಅಣ್ಣ, ಇದನ್ನ ನಾನು ಬಡಿದು ಅಳೆಯಲ್ಲ, ನೀವು ಚಿಂತೆ ಬಿಡಿ." ನಡೆದದ್ದು ಅವನಿಗೆ ಹೇಗೆ ಗೊತ್ತಿರಬೇಕು, ಸುಮ್ಮನೆ ಚುಚ್ಚಿದ್ದು. ಆದರೂ ಸರಿಯಾದ ಜಾಗಕ್ಕೇ ಚುಚ್ಚಿದ.

ಒಂದು ಹಾಸು ಅವನ ತಲೆಯ ಮೇಲೆ, ಇನ್ನೊಂದು ನನ್ನ ತಲೆಯ ಮೇಲೆ. ಹಾಗೆ ರಸ್ತೆ ದಾಟಿದೆವು. ಸಲೂನಿನವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಾಗಿಲಿಗೆ ಬಂದು ನೋಡಿದ.

ನನ್ನ ಅಂಗಡಿಯಲ್ಲಿ ಫೋಮನ್ನು ಇಳಿಸಿ ಹೊಲಿಗೆ ಯಂತ್ರಕ್ಕೆ ಕೂತೆ. ಇದು ನನ್ನ ಕೆಲಸ, ಇದರಲ್ಲಿ ಯಾವ ಫೋಮಿನವನೂ ನನಗೆ ಪಾಠ ಹೇಳುವಂತಿಲ್ಲ. ಬಿಳಿ ಹತ್ತಿಬಟ್ಟೆಯ ನಾಲ್ಕು ಗವಸು, ಒಂದೊಂದಕ್ಕೆ ಎರಡರಂತೆ, ಚಿಟಿಕೆಯಲ್ಲಿ ಹಿಡಿಯಲು ಹೋದರೂ ಬಟ್ಟೆ ಸಿಗದಷ್ಟು ಬಿಗಿ. ಮಗುವಿನ ಮೂಗಿನ ಹತ್ತಿರ ಒಂದು ಸುಕ್ಕೂ ಬರಕೂಡದು. ಕಾಲು ಪೆಡಲಿನ ಮೇಲೆ ಓಡುತ್ತಿತ್ತು, ಎದೆ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ನಲವತ್ತೈದು ವರ್ಷದಲ್ಲಿ ಇಷ್ಟು ಬೇಗ, ಇಷ್ಟು ಖುಷಿಯಿಂದ ನಾನು ಯಾರಿಗೂ ಹೊಲಿದಿರಲಿಲ್ಲ.

ಹಾಸು ಹೊತ್ತ ಫೋಮಿನವನ ಜೊತೆ ಮನೆಗೆ ಬಂದರೆ ಕೋಣೆಯೇ ತಲೆಕೆಳಗಾಗಿತ್ತು. ನನ್ನ ಅಂಟುಮಂಚ ಹಜಾರಕ್ಕೆ ಹೋಗಿತ್ತು. ಬಟ್ಟೆಯ ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ಅದರ ಆಚೆ ಅಳಿಯ, ಈಚೆ ಮಗಳು.

"ಬಾಣಂತಿ ಕಣೇ ನೀನು, ಕೈ ತೆಗಿ" ಎಂದು ಗದರಿ ನಾನೂ ಫೋಮಿನವನೂ ಭುಜ ಕೊಟ್ಟೆವು. ಬೀರು ಹೊರಗೆ ಬಂತು, ಬಾಗಿಲಿನ ಬಣ್ಣ ಸ್ವಲ್ಪ ಕಿತ್ತುಕೊಂಡೇ ಬಂತು. ಅಳಿಯ ತೊಟ್ಟಿಲುಮಂಚಗಳ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ, ರಸಮಟ್ಟವಿಟ್ಟು ನೀರಗುಳ್ಳೆ ನಡುವೆ ನಿಂತಿತೇ ಎಂದು ನೋಡಿದ, ಅಲ್ಲಾಡಿಸಿದ, ಮತ್ತೆ ಬಿಗಿದ. ಎರಡನ್ನೂ ತಾಯಿಯ ಪಕ್ಕದಲ್ಲಿ ಸಾಲಾಗಿ ಇಟ್ಟರೆ ಗೋಡೆಗೆ ಇನ್ನೂ ಒಂದು ಗೇಣು ಉಳಿಯಿತು. ಹಾಸುಗಳನ್ನು ಒಳಗಿಳಿಸಿದಾಗ ಗಂಟೆ ಐದೂ ಐವತ್ತು. ನಾಲ್ವರೂ ಮಂಚದ ಅಂಚಿನಲ್ಲಿ ಪರೀಕ್ಷೆ ಬರೆದ ಮಕ್ಕಳ ಹಾಗೆ ಸಾಲಾಗಿ ಕೂತೆವು.

ನರ್ಸ್ ಬಂದಳು. ಮುಷ್ಟಿ ಒತ್ತಿದಳು.

"ಎಣಿಸಲಾ?" ಎಂದೆ.

"ಎಣಿಸಿ."

"ಸೊನ್ನೆ."

ಅಂಚಿನಲ್ಲಿ ಬೆರಳು ತೂರಿಸಲು ನೋಡಿದಳು, ಒಂದು ಬೆರಳೂ ಹೋಗಲಿಲ್ಲ. ಗವಸನ್ನು ಚಿಟಿಕೆಯಲ್ಲಿ ಹಿಡಿಯಲು ನೋಡಿದಳು, ಬಟ್ಟೆ ಸಿಗಲಿಲ್ಲ. "ಇದನ್ನ ಹೊಲಿದವರು ಯಾರು?" ಎಂದು ಕೇಳಿದಳು. ಫೋಮಿನವನು ನಾನು ಬಾಯಿ ತೆರೆಯುವ ಮೊದಲೇ ನನ್ನ ಕಡೆ ಬೆರಳು ಮಾಡಿದ. ಅವಳು ಕಾಗದಕ್ಕೆ ಸಹಿ ಹಾಕಿ ಮಗಳ ಕೈಗಿತ್ತಳು. ಮಗಳು ಅಲ್ಲೇ ಕೂತು ಅತ್ತಳು, ಅಳುತ್ತಲೇ ನಕ್ಕಳು. ನನ್ನ ಕಣ್ಣೂ ತುಂಬಿತು, ಮುಚ್ಚಿಡುವುದೇನು.

ಮರುದಿನ ಹನ್ನೊಂದಕ್ಕೆ ಮಕ್ಕಳು ಮನೆಗೆ ಬಂದರು. ಒಂದು ತಾಯಿಯ ತೋಳಿನಲ್ಲಿ, ಒಂದು ತಂದೆಯ ತೋಳಿನಲ್ಲಿ. ಹಾಲು ಕುಡಿದ ಮೇಲೆ ಇಬ್ಬರನ್ನೂ ಅವರವರ ಮಂಚದಲ್ಲಿ ಅಂಗಾತ ಮಲಗಿಸಿದರು. ಆ ಹಲಗೆಯಂಥ ಹಾಸಿನ ಮೇಲೆ ಎರಡೂ ಮುಷ್ಟಿಗಳನ್ನು ಕಿವಿಯ ಪಕ್ಕಕ್ಕಿಟ್ಟುಕೊಂಡು, ಮೊದಲು ದೊಡ್ಡವಳು, ಆರು ನಿಮಿಷ ಕಾಯದೆ ಚಿಕ್ಕವನು, ನಿದ್ದೆ ಹೋದರು. ನನ್ನ ಅರಳೆಯನ್ನು ಕೇಳಲೇ ಇಲ್ಲ. ಖುಷಿಯಲ್ಲಿ ಕುಣಿಯಬೇಕೆನಿಸುತ್ತಿತ್ತು, ಒಳಗೆಲ್ಲೋ ಚುರ್ ಎನ್ನುತ್ತಲೂ ಇತ್ತು. ಮೊಮ್ಮಕ್ಕಳ ಕೆಳಗೆ ನನ್ನ ಹಾಸಿಗೆ ಇಲ್ಲವಲ್ಲ. ಹೊಲಿದಿದ್ದ ಪುಟ್ಟ ಹಾಸಿಗೆಯನ್ನು ಸುತ್ತಿ, ಕಟ್ಟಿ, ಕೋಳಿಗೂಡುಗಳಿದ್ದ ಅಟ್ಟದ ಜಾಗದಲ್ಲೇ ಇಟ್ಟೆ.

ಸುಮ್ಮನೆ ಕೂರಲಾರದೆ ದೊಡ್ಡ ಮಂಚದ ಹಾಸಿಗೆಗೆ ಕೈ ಹಾಕಿದೆ. ಮಗಳು ಮಲಗುವ ಎಡಗಡೆಯಲ್ಲಿ ಉದ್ದಕ್ಕೆ ಒಂದು ಕುಳಿ ಮೂಡಿತ್ತು. ಎರಡು ವಾರದ ಹಿಂದೆ ಬಡಿದು ಎಬ್ಬಿಸಿದ್ದೆ, ಮತ್ತೆ ಅದೇ ಜಾಗದಲ್ಲಿ ಕುಸಿದಿತ್ತು.

"ಇದನ್ನ ಅಂಗಳಕ್ಕೆ ಒಯ್ದು ಬಡಿದು ತರ್ತೀನಿ" ಎಂದು ಮೆಲ್ಲಗೆ ಹೇಳಿ ಕೋಲು ತೆಗೆದುಕೊಂಡೆ.

"ಬೇಡ ಅಪ್ಪ. ಆ ಕುಳಿ ಹಾಗೇ ಇರ್ಲಿ."

"ಯಾಕೆ? ಬೆನ್ನು ನೋಯುತ್ತೆ."

"ಡಾಕ್ಟರು ಎಡ ಮಗ್ಗುಲಾಗೇ ಮಲಗು, ಏಳಲೇಬೇಡ ಅಂದಿದ್ರಲ್ಲ. ನಾಲ್ಕು ತಿಂಗಳು ನಾನು ಅಲ್ಲೇ ಮಲಗಿದ್ದೆ. ಆಗ ನಾನೊಬ್ಬಳೇ ಅಲ್ಲ ಅಪ್ಪ, ಮೂರು ಜನ ಮಲಗಿದ್ವಿ. ಆ ಕುಳಿ ಬಿದ್ದಿದ್ದು ನಮ್ಮ ಮೂವರಿಂದ."

ನಾನು ಹಾಸಿಗೆಯ ಮೇಲೆ ಅಂಗೈಯಿಟ್ಟು ಆ ಕುಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದೆ. ಕೋಲನ್ನು ಸದ್ದಾಗದಂತೆ ಬಾಗಿಲ ಹಿಂದೆ ಒರಗಿಸಿ, ಎರಡು ಪುಟ್ಟ ಮಂಚಗಳ ಮುಂದೆ ನೆಲದ ಮೇಲೆ ಕೂತೆ.