ಬಚ್ಚಲ ಹಿಂದಿನ ರಾಮಪತ್ರೆ

ಗಟಾರದ ಕೆಸರು ತೆಗೆಯಲೆಂದು ಸಲಿಕೆ ಎತ್ತಿದ್ದ ಗಂಡ ಮುರಗೆಪ್ಪನ ರಟ್ಟೆಯನ್ನು ಪದ್ಮವ್ವ ಗಟ್ಟಿಯಾಗಿ ಹಿಡಿದಳು. ಬಚ್ಚಲ ನೀರು ಹರಿಯುವಲ್ಲಿ, ಕೆಸವಿನೆಲೆಯ ನೆರಳಲ್ಲಿ, ಬಿರಿದ ಬೀಜವೊಂದರಿಂದ ಕೆಂಪು ಮೊಳಕೆ ಎದ್ದು ನಿಂತಿತ್ತು. ಆ ಬೀಜವನ್ನು ಅವಳು ಈ ಜನ್ಮದಲ್ಲಿ ಮರೆಯುವಂತಿರಲಿಲ್ಲ.

ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದುವ ಮಗಳು ಕೋಮಲ, ಸೋದರಮಾವನ ಮನೆಯ ಮದುವೆಗೆಂದು ಕರೋಶಿಯ ಈ ಮನೆಗೆ ಬಂದಾಗ ಅಂಥ ಬೀಜಗಳನ್ನು ಹಸಿ ಪಾಚಿಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿ ತಂದಿದ್ದಳು. ಘಟ್ಟದ ಜೌಗಿನಲ್ಲಿ, ನೀರಲ್ಲೇ ಬೇರೂರಿ ಬೆಳೆಯುವ ರಾಮಪತ್ರೆಯ ಜಾತಿಯಂತೆ. ಜೌಗೆಲ್ಲ ಗದ್ದೆಯಾಗಿ ಬೆರಳೆಣಿಕೆಯಷ್ಟು ಮರ ಉಳಿದಿವೆಯಂತೆ. ಕಾಲೇಜಿಗೆ ಮರಳಿದ ಮೇಲೆ ಸಸಿ ಮಾಡುವವಳಿದ್ದಳು. ಅವಳು ಬಳೆ ಇಡಿಸಿಕೊಳ್ಳಲು ಚಿಕ್ಕೋಡಿಗೆ ಹೋದದ್ದೇ ತಡ, ಪದ್ಮವ್ವ ಡಬ್ಬಿ ಬಿಚ್ಚಿದಳು. ಅಯ್ಯ, ಬೀಜವನ್ನು ಯಾರಾದರೂ ಹಸಿಯಾಗಿಡುತ್ತಾರೆಯೇ? ಜೋಳವಾಗಲಿ ಶೇಂಗಾ ಆಗಲಿ, ಬಿತ್ತುವ ಬೀಜ ಗಲಗಲ ಒಣಗಿರಬೇಕು. ಬಚ್ಚಲಲ್ಲಿ ತೊಳೆದು, ಬೂದಿ ಸವರಿ, ಮಾಳಿಗೆಯ ಬಿಸಿಲಿಗೆ ಹರವಿದಳು. ಮಗಳು ಮೆಚ್ಚುತ್ತಾಳೆಂದು ಮದುವೆ ಮುಗಿಯುವವರೆಗೆ ಬಾಯಿ ಬಿಡಲಿಲ್ಲ.

"ಯವ್ವಾ, ಒಣಗಿದ್ರ ಇವು ಸಾಯ್ತಾವ ಬೇ," ಎಂದಷ್ಟೇ ಕೋಮಲ ಹೇಳಿದ್ದು. ಆಮೇಲೆ ಮುಸುಕೆಳೆದುಕೊಂಡು ಅತ್ತಳು. ಶಿರಸಿಗೆ ಹೋದ ಮೇಲೆ ಫೋನು ಬಂದರೆ ಅಪ್ಪನಿಗೆ ಮಾತ್ರ. ರೊಟ್ಟಿ ಬಡಿಯುವಾಗಲೂ ಪದ್ಮವ್ವನ ಕಿವಿಯಲ್ಲಿ ಅದೇ ಮಾತು. ಎಂಥ ಕೆಲಸ ಮಾಡಿಬಿಟ್ಟೆನಪ್ಪಾ ಎಂದು ಜೀವ ಹಿಂಡುತ್ತಿತ್ತು.

ಈಗ ನೋಡಿದರೆ, ಅಂದು ತೊಳೆಯುವಾಗ ಕೈಜಾರಿದ ಬೀಜವೊಂದು ಇಲ್ಲಿ ತಣ್ಣಗೆ ಕೂತು ಮೊಳೆತಿದೆ! ಮುರಗೆಪ್ಪ ಸಲಿಕೆ ಬಿಟ್ಟು ಮೊಬೈಲ್ ಹಿಡಿದ. ವಿಡಿಯೋದಲ್ಲಿ ಮೊಳಕೆ ಕಂಡ ಮಗಳು ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ಯವ್ವಾ, ನಿನ್ನ ಬಚ್ಚಲ ನೀರ ಅದಕ್ಕ ಜೌಗು ಆಗೇತಿ ನೋಡ. ನಾ ಬರೂತನಕಾ ನೀರ ಆರಬಾರದು. ಸಾಬಾಣದ ನೀರ ಬ್ಯಾಡ."

ಎಷ್ಟು ದಿನದ ಮೇಲೆ ಆ ಬಾಯಲ್ಲಿ 'ಯವ್ವಾ' ಕೇಳಿದ್ದಳೋ! ಪದ್ಮವ್ವ ಸಂತೋಷಕ್ಕೆ ಆಗಲೇ ನೀರು ತರಲು ಒಳಗೆ ಓಡಿದಳು.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಬಟ್ಟೆಬರೆ ಒಗೆಯುವುದೆಲ್ಲ ಬೋರಿನ ಹತ್ತಿರ. ಮಧ್ಯಾಹ್ನ ಕಬ್ಬಿನ ಹೊಲದಿಂದ ಬಂದ ಮುರಗೆಪ್ಪ ಊಟಕ್ಕೆ ಕೂರುವಷ್ಟರಲ್ಲಿ ಹೆಂಡತಿ ಟವೆಲ್ ಹಿಡಿದು ನಿಂತಿದ್ದಳು. ಮುಂಜಾನೆ ಜಳಕ ಆಗಿದೆಯಲ್ಲ ಎಂದು ಅವನು ಗೊಣಗಿದ.

"ನಿಮ್ಮ ಸಲುವಾಗಿ ಅಲ್ಲರಿ, ಏಳ್ರಿ," ಎಂದಳು ಅವಳು.

ಮುರಗೆಪ್ಪ ಸಾಬೂನಿಲ್ಲದೆ ತಂಬಿಗೆ ತಂಬಿಗೆ ಸುರಿದುಕೊಂಡ. ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತ ಪದ್ಮವ್ವ, ನೀರು ಮೊಳಕೆಯ ಬುಡ ಮುಟ್ಟಿದ್ದನ್ನು ನೋಡಿ, ಇನ್ನೊಂದು ತಂಬಿಗೆ ಹಾಕಿಕೊಳ್ಳಿರೆಂದು ಗೋಡೆ ತಟ್ಟಿದಳು.