ಒಂದು ಗೇಣು ಕೆಂಪು

ಫ್ಯಾನಿನ ಮೂತಿ ಈ ಕಡೆ ಬಂದಾಗೊಮ್ಮೆ ಹಾಳೆಯ ಮೂಲೆ ಏಳುತ್ತದೆ, ಆ ಕಡೆ ಹೋದರೆ ಮಲಗುತ್ತದೆ, ಇದಕ್ಕರೆ ಏಳೂದು ಇಳಿಯೂದು ಬರಾಬರಿ ಬರ್ತದ ಅಂದುಕೊಂಡ ಜುಲ್ಫಿಕಾರ, ಛೇ, ಇಂಥ ಹೊತ್ತಿನ್ಯಾಗೂ ಚಾಷ್ಟಿ ಬಿಡವಲ್ಲದು ಈ ನಾಲಿಗಿ, ಹಾಳೆಯ ಮೇಲೆ ಟೈಪಾಗಿರುವುದು ಎರಡೇ ಸಾಲು, ಗಾಲಿಯ ಪಿನ್ನು ತೆಗೆಯದೆ ವಿಮಾನ ಬಿಟ್ಟದ್ದು ಮೌಲಾಲಿಯ ತಪ್ಪು, ಕಂಪನಿಯ ಬಗ್ಗೆ ನಾನು ವಿಡಿಯೋದಲ್ಲಿ ಆಡಿದ್ದೆಲ್ಲ ಸುಳ್ಳು, ಕೆಳಗೆ ಸಹಿಗೆ ಖಾಲಿ ಜಾಗ. ಚಾ ಕುಡದು ಬರೂದ್ರಾಗ ಮುಗಿಸಿ ಇಡಪಾ, ನಾವೆಲ್ಲ ಒಂದ ಫ್ಯಾಮಿಲಿ ಎಂದು ಹೋಗಿದ್ದಾರೆ ಮ್ಯಾನೇಜರ್ ರಮಾಕಾಂತ ಸಾಹೇಬರು, ಫ್ಯಾಮಿಲಿ ಅನ್ನುವಾಗ ಅವರ ಮೂಗು ಮೊದಲು ಮಾತಾಡುತ್ತದೆ, ಬಾಯಿ ಆಮೇಲೆ, ಆ ಮೂಗನ್ನೇ ಅಲ್ಲವೇ ದುರ್ಗದಬೈಲಿನ ಗಿರಮಿಟ್ ಗಾಡಿಯ ಮುಂದೆ ಅಣಕ ಮಾಡಿ ತೋರಿಸಿದ್ದು, ಗರಿ ಏರ್‌ವೇಸ್‌ಗೆ ಸ್ವಾಗತ, ನಮ್ಮಲ್ಲಿ ಟಿಕೀಟೂ ಹಗುರ, ಜೀವಾನೂ ಹಗುರ, ಏನರೆ ದೂರು ಇದ್ರ ಇಳದ ಮ್ಯಾಲ ಹೇಳ್ರಿ, ಇಳದ್ರ. ಗೆಳೆಯರು ನಕ್ಕು ಫೋನಿನಲ್ಲಿ ಹಿಡಿದರು, ವಿಡಿಯೋ ಊರೂರಿಗೆ ಹಾರಿತು, ನಮ್ಮ ವಿಮಾನಕ್ಕಿಂತ ಟೈಮಿಗೆ ಸರಿಯಾಗಿ.

ಸುಳ್ಳು ಯಾವುದದ ಅದರಾಗ, ಮೂರು ಗಾಲಿಗೆ ಮೂರು ಪಿನ್ನು, ರಾತ್ರಿ ನಿಂತ ವಿಮಾನದ ಗಾಲಿ ಮಡಚಬಾರದೆಂದು ತುರುಕುವುದು, ಕಣ್ಣಿಗೆ ಹೊಡೆಯಲೆಂದು ಒಂದೊಂದಕ್ಕೂ ಮೊಳದುದ್ದ ಕೆಂಪು ಪಟ್ಟಿ, ಹಾರುವ ಮೊದಲು ಕಿತ್ತು, ಎಣಿಸಿ, ಕೆಳಗಿನಿಂದಲೇ ಕ್ಯಾಪ್ಟನ್ನನ ಕಿಟಕಿಗೆ ತೋರಿಸುವುದು, ಮುಂದಿನ ಗಾಲಿಯ ಪಿನ್ನಿನ ಪಟ್ಟಿ ಹರಿದು ತಿಂಗಳಾಗಿತ್ತು, ಮೂರು ಸಲ ಬರೆದುಕೊಟ್ಟ ಇವನು, ಆರ್ಡರ್ ಹೋಗೇದಪಾ ಅಂದರು ಸಾಹೇಬರು, ಬಂದದ್ದು ಮಾತ್ರ ಸುರಕ್ಷತಾ ಸಪ್ತಾಹದ ಉಡುಗೊರೆ, ಅದೇ ಕೆಂಪು ಬಟ್ಟೆಯ ಗೇಣುದ್ದದ ಕೀಚೈನು, ಡಬ್ಬಿ ಡಬ್ಬಿ, ಬಂದವರಿಗೆಲ್ಲ ಹಂಚಲು, ಸದ್ಯಕ್ಕ ಇದನ್ನ ಕಟ್ಟು ಪಿನ್ನಿಗೆ, ಕೆಂಪು ಕೆಂಪ ಅಲ್ಲೇನು. ಕಟ್ಟಿದ. ತನ್ನ ಕೈಯಿಂದಲೇ ಕಟ್ಟಿದ, ಅಂಥದೇ ಇನ್ನೊಂದು ತನ್ನ ಸ್ಕೂಟರಿನ ಕೀಲಿಗೂ. ಆವತ್ತು ಮುಂಜಾನೆ ಮೌಲಾಲಿ ಕಾಕಾ ಎರಡು ಪಿನ್ನು ಕಿತ್ತು ಇವನ ಕೈಗಿಟ್ಟು ಮೂರನೆಯದಕ್ಕೆ ಬಗ್ಗುತ್ತಿದ್ದ, ಅಷ್ಟರಲ್ಲಿ ಸಾಹೇಬರ ಕೂಗು, ಲಗೂ ಬರ್ರಿ ಇಬ್ಬರೂ, ಗಾಲಿಕುರ್ಚಿ ತಳ್ಳಾಕ ಯಾರಿಲ್ಲ, ಐದು ಮಂದಿಯ ಕೆಲಸಕ್ಕೆ ಇಬ್ಬರು, ಕುರ್ಚಿಯಲ್ಲಿ ಅಮರಗೋಳದ ಶೇವಂತೆವ್ವ, ಮೊದಲ ಸಲ ಹಾರುವಾಕೆ, ಗಾಲಿ ಗಟ್ಟಿ ಅದಾವಿಲ್ಲೋ ತಮ್ಮಾ, ಗಟ್ಟಿ ಅದಾವ ಯವ್ವಾ, ಅಲುಗಂದ್ರೂ ಅಲುಗೂದಿಲ್ಲ ಅಂದಿದ್ದ ಇವನು, ನಕ್ಕಳು ಮುದುಕಿ, ಖರೇನೇ ಅಲುಗಲಿಲ್ಲ, ಗಾಲಿ ಮಡಚದೆ ಇಪ್ಪತ್ತು ನಿಮಿಷ ಸುತ್ತಿ ವಿಮಾನ ವಾಪಸ್ಸು, ಮುಂದಿನ ಗಾಲಿಯಲ್ಲಿ ಪಿನ್ನು ಹಾಗೇ, ಇಳಿದಾಗ ಆಕೆಯ ಕೈ ಇವನ ತೋಳನ್ನು ಬಾಗಿಲ ತನಕ ಬಿಡಲಿಲ್ಲ, ಇನ್ನೂ ಬಿಟ್ಟಿಲ್ಲ.

ನಾ ತಗದೆನೋ ಇಲ್ಲೋ ನೆನಪಾಗವಲ್ಲದು ಬೇಟಾ ಅಂದಿದ್ದ ಮೌಲಾಲಿ ಕಾಕಾ, ಆದ್ರ ನೀ ಎಣಿಸಿದಿ, ಕ್ಯಾಪ್ಟನ್ನಗ ತೋರಿಸಿದಿ, ಮೂರಿದ್ದವಲ್ಲ? ಇದ್ದವು ಕಾಕಾ. ತಾರಿಹಾಳದ ವರ್ಕ್‌ಶಾಪಿನಲ್ಲಿ ಪಾನಾ ಹಿಡಿಯಲು ಕಲಿಸಿದ ಕಾಕಾ, ನಿವೃತ್ತಿಗೆ ಎಂಟೇ ತಿಂಗಳು, ಕ್ಯಾಪ್ಟನ್ನೂ ಮೂರು ಪಟ್ಟಿ ಕಂಡೆ ಅಂತ ಬರೆದುಕೊಟ್ಟಿದ್ದಾರೆ, ಹ್ಯಾಂಗ ಮೂರಾದವು ಯಾರಿಗೂ ತಿಳಿಯವಲ್ಲದು, ಇವನಿಗೆ ಸಂಜೆ ತಿಳಿಯಿತು, ಕುರ್ಚಿ ತಳ್ಳುವಾಗ ಪಿನ್ನು ತುರುಕಿದ್ದ ಕಿಸೆಯಿಂದಲೇ ಕೀಲಿ ತೆಗೆದು ಸ್ಕೂಟರ್ ಚಾಲೂ ಮಾಡುವಾಗ, ಕಿಟಕಿಯತ್ತ ಎತ್ತಿದ ಮುಷ್ಟಿಯಲ್ಲಿ ಎರಡು ಉದ್ದ, ಒಂದು ಗಿಡ್ಡ, ಆ ಗಿಡ್ಡದರ ತುದಿಗೆ ಪಿನ್ನಿರಲಿಲ್ಲ, ಕೀಲಿ ಇತ್ತು. ತಿಳಿದ ಮೇಲೇ ದುರ್ಗದಬೈಲಿಗೆ ಹೋದದ್ದು, ತಿಳಿದ ಮೇಲೇ ಅಷ್ಟು ಜೋರಾಗಿ ಮೂಗು ಮಾಡಿದ್ದು. ಈಗ ಖರೇ ಹೇಳಿದರೆ, ನೋಡ್ರಿ, ತನ್ನ ತಪ್ಪು ಮುಚ್ಚಾಕ ಕಂಪನಿಗೆ ಬೈದಾನ ಅಂತಾರೆ, ಬೈದದ್ದು ಒಂದೂ ಸುಳ್ಳಲ್ಲವಲ್ಲ, ಪಟ್ಟಿ ತರಿಸಲಿಲ್ಲ, ಮಂದಿ ಕೊಡಲಿಲ್ಲ, ತಪ್ಪಿತಸ್ಥ ಆಡಿದರೆ ಖರೇ ಮಾತೂ ಕೆಡುತ್ತದೇನು, ಕೆಡುತ್ತದೆ, ಸಹಿ ಹಾಕಿದರೆ ಕಾಕಾ ಕೆಡುತ್ತಾನೆ, ಹೇಳಿ ನೋಡು ಒಮ್ಮೆ, ನಾ ತಪ್ಪು ಎಣಿಸಿದೆ, ಬಾಯಿ ತೆರೆದರೆ ಸಾಹೇಬರ ಮೂಗು ಬರುತ್ತದೆ, ಕ್ಯಾಪ್ಟನ್ನನ ಗಡಸು ಬರುತ್ತದೆ, ಕಾಕಾನ ಕೆಮ್ಮು ಬರುತ್ತದೆ, ನನ್ನ ದನಿ ಎಲ್ಲಿ ಇಟ್ಟಿದ್ದೆ, ಯಾ ಅಲ್ಲಾ, ಬಾಗಿಲಲ್ಲಿ ಬೂಟಿನ ಸಪ್ಪಳ, ಆತೇನಪಾ, ಹಾಳೆ ಮತ್ತೆ ಎದ್ದಿತು, ಕಿಸೆಗೆ ಹೋದ ಕೈ ಕೀಲಿ ತೆಗೆದು ಸಹಿಯ ಜಾಗದ ಮೇಲೆ ಇಟ್ಟಿತು, ಹಾಳೆ ಸುಮ್ಮನಾಯಿತು. ಇದೇನಪಾ? ಮೂರನೇದ್ರಿ ಸರ, ನಾ ತೋರಿಸಿದ ಮೂರನೇದು ಇದ. ಯಾರ ದನಿಯೂ ಅಲ್ಲ ಇದು, ಎಲ್ಲೂ ಕೇಳಿದ್ದಲ್ಲ, ಫ್ಯಾನು ಈ ಕಡೆ ತಿರುಗುತ್ತದೆ, ಗೇಣುದ್ದ ಕೆಂಪು ಏಳುತ್ತದೆ, ಮಲಗುತ್ತದೆ, ಗೇಣುದ್ದ ಕೆಂಪು, ಏಳುತ್ತದೆ