ಹಿಂದಿನ ಸೀಟಿನ ಗಾಳಿ

“ನೀವು ಹಿಂದೆ ಕೂತ್ಕೊಳ್ಳಿ,” ಅಂದರು ಬೈಕು ಕೊಳ್ಳಲು ಬಂದ ಹಲ್ಲಿನ ಡಾಕ್ಟರು, ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುತ್ತಾ. “ನಾನು ಗಾಡಿ ಹತ್ತಿ ಹಾಗೇ ಪರಾರಿಯಾದ್ರೆ ಏನ್ ಮಾಡ್ತೀರಿ? ನನ್ನನ್ನ ನಂಬಬೇಡಿ. ನನ್ನ ಹೆಂಡ್ತಿನೇ ನಂಬಲ್ಲ.”

ಕಿಡಿ ನಗಲಿಲ್ಲ. ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶೆಡ್ಡಿನಲ್ಲಿ ಅವನಿಗೆ ಆ ಹೆಸರು ಬಿದ್ದದ್ದು ಕೆಲಸದಿಂದಲೋ ಸಿಟ್ಟಿನಿಂದಲೋ ಈಗ ಯಾರಿಗೂ ನೆನಪಿಲ್ಲ. ಅವನು ಹಿಂದಿನ ಸೀಟನ್ನು ನೋಡುತ್ತಾ ನಿಂತ. ಮೂರು ವರ್ಷ ಓಡಿಸಿದ ಬೈಕು. ಒಂದು ದಿನವೂ ಅಲ್ಲಿ ಕೂತವನಲ್ಲ. ಅದು ಅವನ ಹೆಂಡತಿಯ ಜಾಗ.

ಬೈಕು ನೋಡಲು ಅಜ್ಜನ ಕಾಲದ್ದು, ಹೊಟ್ಟೆಯೊಳಗೆ ಮೊಮ್ಮಗನ ಎಂಜಿನ್ನು. ದುಂಡನೆಯ ದೊಡ್ಡ ಹೆಡ್‌ಲೈಟು. ಅದನ್ನು ಅಪ್ಪಿಕೊಂಡು ಎರಡೂ ಕಡೆ ಹಿಂದಕ್ಕೆ ಬಾಗಿದ ಅರ್ಧ ಫೇರಿಂಗು, ಗಾಳಿ ತಡೆಯುವ ಕವಚ. ಹಳೆಯ ರೇಸುಗಳ ಫೋಟೋಗಳಲ್ಲಿ ಕಾಣುತ್ತದಲ್ಲ, ಅಂಥದ್ದು. ಅದರ ನೆತ್ತಿಯಲ್ಲಿ ಗೇಣುದ್ದದ ಗಾಜು. ಎದುರು ಬರುವ ಗಾಳಿಯನ್ನು ಆ ಗಾಜು ಸೀಳಿ, ಓಡಿಸುವವನ ನೆತ್ತಿಯ ಮೇಲಿಂದ ದಾಟಿಸಿಬಿಡುತ್ತಿತ್ತು. ಅದರ ಹಿಂದೆ ಬಗ್ಗಿ ಕೂತರೆ ಎಷ್ಟು ವೇಗದಲ್ಲಿ ಹೋದರೂ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಹಾಗೆ.

ಆ ಕೋಣೆಯಲ್ಲಿ ಮಾತ್ರ ಕಿಡಿಗೆ ಮಾತು ಬರುತ್ತಿತ್ತು. ಎದುರಿಗೆ ಮನುಷ್ಯ ಕಂಡರೆ ಅವನ ಬಾಯಿಂದ ಹೊರಡುತ್ತಿದ್ದದ್ದು ಎರಡೇ: ಇಲ್ಲ ಬೈಗುಳ, ಇಲ್ಲ ಮೌನ. ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಕೈಯ ಕೋಲು ಕಸಿದು ಎರಡು ತುಂಡು ಮಾಡಿ ಶಾಲೆಯಿಂದ ಹೊರಬಿದ್ದದ್ದೂ ಹಾಗೆಯೇ, ಹೇಳಬೇಕಾದದ್ದು ಬಾಯಿಗೆ ಬಾರದೆ. ಆದರೆ ಭಾನುವಾರ ಅವಳನ್ನು ಹಿಂದೆ ಕೂರಿಸಿಕೊಂಡು ಬೈಪಾಸ್ ರಸ್ತೆಗೆ ಇಳಿದು, ಮೀಟರಿನ ಮುಳ್ಳು ಎಂಬತ್ತು ದಾಟಿತೆಂದರೆ ನಾಲಿಗೆಯ ಬೀಗ ತಾನಾಗಿ ಕಳಚುತ್ತಿತ್ತು. ಅಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದದ್ದು, ಮೊದಲ ಸಲ ವೆಲ್ಡಿಂಗ್ ಬೆಳಕಿಗೆ ಕಣ್ಣು ಉರಿದು ಮೂರು ದಿನ ಕುರುಡನಂತೆ ಬಿದ್ದಿದ್ದದ್ದು, ಅವಳು ಔಷಧಿ ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಅವನ ಅಂಗೈಯ ಸುಟ್ಟ ಕಲೆ ನೋಡಿ ಕೇಳದೆಯೇ ಮುಲಾಮು ಇಟ್ಟದ್ದು, ಆ ಟ್ಯೂಬನ್ನು ಅವನು ಇನ್ನೂ ಎಸೆಯದೆ ಇಟ್ಟುಕೊಂಡಿರುವುದು. ಎಲ್ಲ ಹೇಳಿದ್ದ. ಜಗಳವಾಡಿದ ವಾರ ಕ್ಷಮಿಸು ಎಂದೂ ಅಲ್ಲೇ ಕೇಳಿದ್ದ. ಅವಳು ಹಿಂದಿನಿಂದ ಅವನ ಭುಜ ಮೆಲ್ಲಗೆ ತಟ್ಟುತ್ತಿದ್ದಳು. ಅಷ್ಟು ಸಾಕಾಗಿತ್ತು ಅವನಿಗೆ.

ಅಂಥವಳು ಮನೆ ಬಿಡುವ ದಿನ ಹೊಸ್ತಿಲಲ್ಲಿ ನಿಂತು ಏನು ಅಂದಳು? “ಮೂರು ವರ್ಷದಲ್ಲಿ ನನ್ನ ಹತ್ರ ಮನಸ್ಸು ಬಿಚ್ಚಿ ಒಂದೇ ಒಂದು ಮಾತಾಡಿಲ್ಲ ನೀನು. ಗೋಡೆ ಜೊತೆ ಸಂಸಾರ ಮಾಡಿದ ಹಾಗಾಯ್ತು.”

ಹಸಿ ಸುಳ್ಳು! ಕಿಡಿಗೆ ನೆತ್ತಿಗೇರಿದ ಸಿಟ್ಟು ಏಳು ತಿಂಗಳಾದರೂ ಇಳಿದಿರಲಿಲ್ಲ. ಕೆಲಸದ ನಡುವೆ ಆ ಮಾತು ನೆನಪಾದರೆ ಸುತ್ತಿಗೆ ಎರಡು ಪಟ್ಟು ಜೋರಾಗಿ ಬೀಳುತ್ತಿತ್ತು. ಬೇರೆ ಏನು ಬೇಕಾದರೂ ಅನ್ನಲಿ, ಮುಂಗೋಪಿ ಅನ್ನಲಿ, ಅಡ್ನಾಡಿ ಅನ್ನಲಿ, ತಲೆಬಾಗುತ್ತಾನೆ. ಇದನ್ನು ಹೇಗೆ ಅಂದಳು? ಅವಳು ಈಗ ಅಕ್ಕನ ಊರಿನಲ್ಲಿ ಇದ್ದಳು. ಬಾಡಿಗೆ ಮನೆ ಖಾಲಿಯಾಗಿತ್ತು, ಪಾತ್ರೆಪಗಡ ಪಾಲಾಗಿತ್ತು. ಕಾಗದಪತ್ರ ಕಂಡರೆ ಅವನಿಗಾಗದ ಕಾರಣ ಬೈಕು ಅವಳ ಹೆಸರಿನಲ್ಲಿತ್ತು, ಉಳಿದದ್ದು ಅದೊಂದೇ. ಇವತ್ತು ಹನ್ನೆರಡಕ್ಕೆ ಡಾಕ್ಟರ ಕ್ಲಿನಿಕ್ಕಿಗೆ ಬಂದು ಮಾರಾಟದ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದು ಮೆಸೇಜು ಕಳಿಸಿದ್ದಳು. ಆ ಸಹಿ ಬಿದ್ದರೆ ಅವಳ ಮುಖ ನೋಡಲು ಅವನಿಗೆ ಒಂದು ನೆಪವೂ ಉಳಿಯುವುದಿಲ್ಲ. ಅದಕ್ಕೇ ಅವನು ನಿರ್ಧಾರ ಮಾಡಿದ್ದ: ಸಹಿಗೆ ಮುಂಚೆ ಮುಖಕ್ಕೆ ಮುಖ ಕೊಟ್ಟು ಕೇಳುತ್ತೇನೆ, ಆಡಿದ ಮಾತು ವಾಪಸ್ ತಗೋ ಅನ್ನುತ್ತೇನೆ. ಮಾತು ವಾಪಸ್ ತೆಗೆದುಕೊಂಡವಳು ತಾನೂ ವಾಪಸ್ ಬಂದಾಳು ಎಂಬ ಆಸೆಯನ್ನು ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ.

“ಹತ್ತಿ ಸ್ವಾಮಿ, ಹನ್ನೊಂದೂವರೆ ಆಯ್ತು,” ಅಂದರು ಡಾಕ್ಟರು.

ಅವನು ಹತ್ತಿದ. ಹಿಂದಿನ ಸೀಟು ಮುಂದಿನದಕ್ಕಿಂತ ನಾಲ್ಕು ಬೆರಳು ಎತ್ತರವಿತ್ತು. ಅದೂ ಅವನಿಗೆ ಗೊತ್ತಿರಲಿಲ್ಲ.

ಡಾಕ್ಟರು ಕ್ಲಚ್ಚು ಬಿಟ್ಟ ರೀತಿಗೆ ಬೈಕು ಕಪ್ಪೆಯಂತೆ ಎರಡು ಸಲ ನೆಗೆಯಿತು. ಕಿಡಿ ಹಲ್ಲು ಕಚ್ಚಿ ಸುಮ್ಮನಿದ್ದ. ಪೇಟೆ ದಾಟಿ ಬೈಪಾಸಿಗೆ ಬಂದ ಮೇಲೆ ಅವರ ಕೈ ಕುದುರಿತು. ಎಂಜಿನ್ನಿನ ದನಿ ಗಂಟಲಿನಿಂದ ಎದೆಗೆ ಇಳಿಯಿತು. ಮೀಟರಿನ ಮುಳ್ಳು ಅರವತ್ತು, ಎಪ್ಪತ್ತು, ಎಂಬತ್ತು.

ಆಗ ಗಾಳಿ ಹೊಡೆಯಿತು.

ಗಾಜು ಸೀಳಿದ ಗಾಳಿಯೆಲ್ಲ ಮುಂದಿನವರ ತಲೆಯ ಮೇಲಿಂದ ಹಾರಿ ಬಂದು ನೇರ ಅವನ ಮುಖಕ್ಕೇ ಬಡಿಯುತ್ತಿತ್ತು. ಒಂದೇ ಸಮನೆ ಅಲ್ಲ, ತುಂಡು ತುಂಡಾಗಿ, ಕೆನ್ನೆಗೆ ಒಂದರ ಮೇಲೊಂದು ಬಿಟ್ಟ ಹಾಗೆ. ಮುಖ ಮುಚ್ಚದ ಹೆಲ್ಮೆಟ್ಟಿನೊಳಗೆ ತಗಡಿನ ಚಾವಣಿಯ ಮೇಲೆ ಕಲ್ಲು ಸುರಿದ ಸದ್ದು. ಕತ್ತು ಹಿಂದಕ್ಕೆ ಎಳೆಯಿತು. ಅವನು ತಲೆ ತಗ್ಗಿಸಿ ಡಾಕ್ಟರ ಬೆನ್ನಿನ ಮರೆಗೆ ಒತ್ತಿಕೊಂಡ. ಹಾಗೆ ಮಾಡದೆ ಬೇರೆ ದಾರಿಯೇ ಇರಲಿಲ್ಲ. ಅವಳು ಅವನ ಬೆನ್ನಿಗೆ ಕೆನ್ನೆ ಒತ್ತಿಕೊಂಡು ಕೂರುತ್ತಿದ್ದದ್ದನ್ನು ಅವನು ಮೂರು ವರ್ಷ ಪ್ರೀತಿ ಎಂದುಕೊಂಡಿದ್ದ.

ಡಾಕ್ಟರ ಬೆನ್ನು ಗುಂಯ್‌ಗುಡುತ್ತಿತ್ತು. ಎಂಜಿನ್ನಿನ ನಡುಕ ಅಲ್ಲ, ಬೇರೆಯದು. ತಲೆ ಎತ್ತಿ ನೋಡಿದ. ಅವರ ಹೆಲ್ಮೆಟ್ಟು ಆ ಕಡೆ ಈ ಕಡೆ ಅಲ್ಲಾಡುತ್ತಿತ್ತು. ಎಡಗೈ ಹ್ಯಾಂಡಲ್ ಬಿಟ್ಟು ಒಮ್ಮೆ ಗದ್ದೆಯನ್ನು, ಒಮ್ಮೆ ಆಕಾಶವನ್ನು ತೋರಿಸುತ್ತಿತ್ತು. ಮಾತಾಡುತ್ತಿದ್ದಾರೆ! ಒಂದಕ್ಷರವೂ ಕೇಳುತ್ತಿಲ್ಲ. ಕೇಳುತ್ತಿಲ್ಲ ಎಂದು ತಿಳಿಸಲು ಕಿಡಿ ಅವರ ಭುಜ ತಟ್ಟಿದ. ಡಾಕ್ಟರು ಸಂತೋಷದಿಂದ ತಲೆಯಾಡಿಸಿ ಮಾತು ಮುಂದುವರಿಸಿದರು. ಮತ್ತೆ ತಟ್ಟಿದ. ಮತ್ತೆ ತಲೆಯಾಡಿಸಿದರು.

ಅವನ ಕೈ ಅಲ್ಲೇ, ಅವರ ಭುಜದ ಮೇಲೇ, ನಿಂತುಬಿಟ್ಟಿತು.

ಟೋಲ್‌ಗೇಟಿನ ಹತ್ತಿರ ಡಾಕ್ಟರು ಬೈಕು ತಿರುಗಿಸಿ ನಿಲ್ಲಿಸಿದರು. ಹೆಲ್ಮೆಟ್ಟಿನ ಗಾಜು ಎತ್ತಿ, “ಈಗ ಹೇಳಿ, ನೀವೇನಂತೀರಿ?” ಅಂದರು.

“ಯಾವುದಕ್ಕೆ?”

“ಅಯ್ಯೋ, ಇಷ್ಟೊತ್ತು ನನ್ನ ಇಡೀ ಆತ್ಮಕತೆ ಹೇಳಿದ್ನಲ್ರೀ! ಕಾಲೇಜಲ್ಲಿ ಇಂಥದ್ದೇ ಬೈಕ್ ಬೇಕು ಅಂತ ಎರಡು ದಿನ ಉಪವಾಸ ಕೂತಿದ್ದು, ನಮ್ಮಪ್ಪ ಮೂರನೇ ದಿನವೂ ಊಟಕ್ಕೆ ಕರೀದೆ ಇದ್ದಿದ್ದು...”

“ಹಿಂದೆ ಕೇಳಲ್ಲ ಡಾಕ್ಟ್ರೇ.”

“ಹೌದಾ? ನಂಗೆ ನನ್ನ ದನಿ ರೇಡಿಯೋ ಥರ ಕೇಳ್ತಿತ್ತಲ್ಲ! ಹೋಗ್ಲಿ ಬಿಡಿ, ನಂಗದು ಅಭ್ಯಾಸ. ಜನರ ಬಾಯಿ ತೆರೆಸಿ ನಾನೊಬ್ಬನೇ ಮಾತಾಡೋ ಕಸುಬು.” ತಮ್ಮ ಜೋಕಿಗೆ ತಾವೇ ನಕ್ಕು, ಅವನ ಮುಖ ನೋಡಿ ನಗು ನಿಲ್ಲಿಸಿದರು. “ಯಾಕೆ, ಹೊಟ್ಟೆ ತೊಳೆಸ್ತಾ ಇದ್ಯಾ? ನನ್ನ ಡ್ರೈವಿಂಗು ಅಷ್ಟು ಕೆಟ್ಟದಾ?”

“ಇಲ್ಲ. ನಡೀರಿ,” ಅಂದ ಕಿಡಿ.

ವಾಪಸ್ ಬರುವಾಗ ಅವನು ಬೇಕೆಂದೇ ತಲೆ ತಗ್ಗಿಸಲಿಲ್ಲ. ಬರುವ ಏಟನ್ನೆಲ್ಲ ಮುಖ ಕೊಟ್ಟು ತಿಂದ.

ಕ್ಲಿನಿಕ್ಕು ಮೊದಲನೇ ಮಹಡಿಯಲ್ಲಿತ್ತು. ಕಾಯುವವರ ಕೋಣೆಯಲ್ಲಿ ಬಸ್ಸಿನ ಹಾಗೆ ಒಂದರ ಹಿಂದೆ ಒಂದು ಎರಡು ಸಾಲು ಕುರ್ಚಿ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು. ಹಿಂದಿನ ಸಾಲಿನ ಮೂಲೆಯಲ್ಲಿ ಅವಳು ಕೂತಿದ್ದಳು. ಸೊರಗಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು. ಅವನನ್ನು ಕಂಡು ಬ್ಯಾಗನ್ನು ಸುಮ್ಮನೆ ಈ ತೊಡೆಯಿಂದ ಆ ತೊಡೆಗೆ ಇಟ್ಟುಕೊಂಡಳು.

“ಊಟ ಆಯ್ತಾ?” ಅಂದಳು.

“ಹ್ಞೂಂ,” ಅಂದ. ಆಗಿರಲಿಲ್ಲ.

ಡಾಕ್ಟರು ಇಬ್ಬರನ್ನೂ ಒಮ್ಮೆ ನೋಡಿದರು. ಹಲ್ಲು ಮಾತ್ರ ನೋಡುವ ಮನುಷ್ಯ ಆಗಿರಲಿಲ್ಲ ಅವರು. “ಸಹಿ ಆಮೇಲೆ. ನಾನು ಇವುಗಳನ್ನ ಜೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ,” ಎಂದು ಕಾಗದಗಳನ್ನು ತಗೊಂಡು ಮೆಟ್ಟಿಲಿಳಿದರು.

ಕಿಡಿ ಅವಳ ಎದುರಿಗೆ ಹೋಗಿ ನಿಂತ. ಬಾಯಿ ತೆರೆದ. ಏಳು ತಿಂಗಳು ಮಸೆದು ಮಸೆದು ಇಟ್ಟುಕೊಂಡಿದ್ದ ಮಾತು ಅಲ್ಲಿರಲಿಲ್ಲ. ಮುಂದಿನ ಸಾಲಿಗೆ ಬಂದು, ಅವಳಿಗೆ ಬೆನ್ನು ಹಾಕಿ ಕೂತ. ಎದುರು ಗೋಡೆಯಲ್ಲಿ ಸೀಳಿ ಇಟ್ಟ ದವಡೆ ಹಲ್ಲಿನ ದೊಡ್ಡ ಚಿತ್ರ. ಅದಕ್ಕೆ ಹೇಳಿದ:

“ಹಿಂದೆ ಕೂತ್ರೆ ಏನೂ ಕೇಳಲ್ಲ.”

“ಯಾವುದ್ರಲ್ಲಿ? ಬೈಕಲ್ಲಾ?”

“ನಾನು ಮಾತಾಡ್ತಿದ್ದೆ. ಪ್ರತಿ ಸಲ. ನೀನ್ಯಾಕೆ ಕೇಳಲ್ಲ ಅಂತ ಹೇಳ್ಲಿಲ್ಲ?”

ಅವಳು ಬ್ಯಾಗನ್ನು ಪಕ್ಕದ ಕುರ್ಚಿಗೆ ಇಟ್ಟ ಸದ್ದಾಯಿತು.

“ಮಾತಾ ಅದು?” ಅಂದಳು. “ಬೆನ್ನಿಗೆ ಕೆನ್ನೆ ಇಟ್ರೆ ಗುಂಯ್ ಅನ್ನೋದು. ಹಾಡ್ತಾ ಇದ್ದೀಯ ಅಂದ್ಕೊಂಡಿದ್ದೆ. ಮನೇಲಿ ಮುಖ ಗಂಟು ಹಾಕ್ಕೊಂಡಿರೋನು ಇಲ್ಲಾದ್ರೂ ಖುಷಿಯಾಗಿದ್ದಾನಲ್ಲ, ಹಾಡ್ಲಿ ಅಂತ ಭುಜ ತಟ್ತಿದ್ದೆ.”

“ಹಾಡಾ? ನನಗೆ ಹಾಡು ಎಲ್ಲಿ ಬರುತ್ತೆ?”

“ನಂಗೇನ್ ಗೊತ್ತು? ನನ್ನೆದುರು ಹಾಡಲ್ಲ, ಬೈಕ್ ಮೇಲೆ ಹಾಡ್ತಾನೆ ಅಂದ್ಕೊಂಡೆ.” ಅವಳ ದನಿ ನಗುವಿನ ಹತ್ತಿರ ಬಂದಿತ್ತು. ಅಲ್ಲಿಂದ ತಟ್ಟನೆ ಜಾರಿತು. “ಆಸ್ಪತ್ರೆಯಿಂದ ಬಂದ್ವಲ್ಲ, ಆವತ್ತೂ.”

ಅವನು ಅಲುಗಲಿಲ್ಲ.

“ಮಗು ನಿಂತಿಲ್ಲ ಅಂತ ಹೇಳಿ ಎರಡು ವಾರ ಆಗಿತ್ತು. ಕೊನೇ ಸ್ಕ್ಯಾನ್ ಮಾಡಿ ಎಲ್ಲ ಸ್ವಚ್ಛ ಆಗಿದೆ, ಮನೆಗೆ ಹೋಗಿ ಅಂದ್ರು. ಸ್ವಚ್ಛ ಅಂತೆ. ನೀನು ಅಲ್ಲಿ ಒಂದು ಮಾತಾಡ್ಲಿಲ್ಲ. ಬೈಪಾಸಿಗೆ ಬಂದ ತಕ್ಷಣ ನಿನ್ನ ಬೆನ್ನು ಶುರುವಾಯ್ತು. ಮನೆ ಬರೋವರೆಗೂ ಬಿಡ್ಲಿಲ್ಲ. ಆವತ್ತೂ ಹಾಡ್ತಾನಲ್ಲ ಇವನು, ಎಂಥಾ ಗಂಡಸು ಇವನು ಅಂತ ಸೊಂಟ ಹಿಡಿದಿದ್ದ ಕೈ ತೆಗೆದೆ.” ಮೂಗೆಳೆದುಕೊಂಡಳು. “ಮನೆ ಬಿಟ್ಟಿದ್ದು ನಾನು ಆವತ್ತೇ. ಬ್ಯಾಗ್ ಹಿಡ್ಕೊಂಡು ಹೋಗಿದ್ದು ಆಮೇಲೆ.”

ಎಂದಿನಂತೆ ಸಿಟ್ಟು ಹೊಕ್ಕುಳಿಂದ ಎದ್ದು ಗಂಟಲಿಗೆ ಬಂತು. ಬಂದು, ಯಾರ ಮೇಲೆ ಬೀಳಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಗಾಳಿಯ ಮೇಲೆಯೋ? ಗೇಣುದ್ದದ ಗಾಜಿನ ಮೇಲೆಯೋ? ಅವನು ಮುಂದೆ ಏನೂ ಇಲ್ಲದ ಕಡೆಗೆ, ಹ್ಯಾಂಡಲ್ ಹಿಡಿಯುವವನ ಹಾಗೆ, ಎರಡೂ ಕೈ ಚಾಚಿ, ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ.

ಹಿಂದೆ ಅವಳು ಎದ್ದ ಸದ್ದಾಯಿತು. ಗೋಡೆಯ ಹತ್ತಿರ ಹೋಗಿ ಫ್ಯಾನು ಆರಿಸಿದಳು. ರೆಕ್ಕೆಗಳು ಕಿರುಗುಟ್ಟುತ್ತ ನಿಂತವು. ಮತ್ತೆ ಬಂದು ಅವನ ಹಿಂದೆಯೇ ಕೂತಳು.

“ಏನು ಹೇಳ್ದೆ ಆವತ್ತು?” ಅಂದಳು. “ಈಗ ಹೇಳು.”

“ತೊಟ್ಟಿಲು ಮಾಡ್ತಾ ಇದ್ದೆ,” ಅಂದ ಕಿಡಿ, ಸೀಳಿದ ಹಲ್ಲನ್ನೇ ನೋಡುತ್ತಾ. “ಶೆಡ್ಡಲ್ಲಿ, ಊಟದ ಬಿಡುವಲ್ಲಿ. ನಿಂಗೆ ಹೇಳಿರ್ಲಿಲ್ಲ. ಕಬ್ಬಿಣದ್ದು, ಆದ್ರೆ ಭಾರ ಇಲ್ಲ, ತೆಳು ಸರಳು. ಕೈಗೆ ಚುಚ್ಚಬಾರದು ಅಂತ ಒಂದೊಂದು ಬೆಸುಗೆನೂ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದೆ. ನಾಲ್ಕು ಮೂಲೆಗೆ ನಾಲ್ಕು ಗಿಳಿ. ಮೂರು ಆಗಿತ್ತು. ಆವತ್ತು ಅದನ್ನೇ ಹೇಳ್ದೆ. ಅಳ್ತಾ ಇದ್ದೆ ನಾನು, ಅದಕ್ಕೆ ಮಾತು ತಡ ಆಯ್ತು, ಮನೆವರೆಗೂ ಬಂತು. ತೊಟ್ಟಿಲು ಇಟ್ಕೊಳ್ಳೋಣ್ವಾ, ಇನ್ನೊಂದು ಸಲಕ್ಕೆ ಇರ್ಲಾ ಅಂತ ಕೇಳ್ದೆ. ನೀನು ಕೈ ತೆಗೆದೆ.”

ಅವಳ ಉಸಿರು ಕೇಳಿಸುತ್ತಿತ್ತು. ಕೆಳಗೆ ರಸ್ತೆಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದದ್ದೂ ಕೇಳಿಸುತ್ತಿತ್ತು.

“ಬೇಡ ಅಂತಿದ್ದೀಯ ಅಂತ ತಿಳ್ಕೊಂಡೆ. ಮಾರನೇ ದಿನ ಕತ್ತರಿಸಿದೆ. ಸರಳೆಲ್ಲ ಒಬ್ರ ಮನೆ ಕಿಟಕಿಗೆ ಹೋಯ್ತು.”

“ಗಿಳಿ?”

“ಗಿಳಿ ಕತ್ತರಿಸೋಕೆ ಕೈ ಬರ್ಲಿಲ್ಲ. ಹಾಗೇ ಕಿಟಕಿಗೆ ಇಟ್ಟು ಬೆಸೆದೆ.”

ಅವಳು ಕೇಳಿದಳು: “ಯಾರ ಮನೆ?”

“ಹಾಲಿನ ಡೈರಿ ಹಿಂದಿನ ಗಲ್ಲಿ. ಮೂರನೇ ಮನೆ, ಮೇಲ್ಗಡೆ.”

ಡಾಕ್ಟರು ಕಾಗದ ಬೀಸಿಕೊಳ್ಳುತ್ತಾ ಬಂದವರು ಬಾಗಿಲಲ್ಲೇ ನಿಂತರು. ಸೆಕೆಗೆ ಇಬ್ಬರ ಬಟ್ಟೆಯೂ ಬೆನ್ನಿಗೆ ಅಂಟಿತ್ತು. “ಕರೆಂಟ್ ಹೋಗಿದ್ಯಾ?” ಎಂದು ಸ್ವಿಚ್ಚಿನ ಕಡೆ ಹೋದವರು, ಏನನ್ನಿಸಿತೋ, ಕೈ ಹಿಂತೆಗೆದರು.

ಅವಳು ಕೌಂಟರಿನ ಹತ್ತಿರ ನಿಂತು ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಔಷಧಿ ಲಕೋಟೆಗಳ ಮೇಲೆ ಬರೆದು ಬರೆದು ಪಳಗಿದ ಅವಳ ಅಕ್ಷರ ಮುತ್ತಿನಂತಿರುತ್ತಿತ್ತು. ಇವತ್ತು ಎರಡು ಕಡೆ ಗೆರೆ ದಾಟಿತು. ಬ್ಯಾಗು ಹೆಗಲಿಗೇರಿಸಿಕೊಂಡು ಅವನ ಕಡೆ ತಿರುಗಿದಳು.

“ಬಸ್ಸಿಗೆ ಇನ್ನೂ ಹೊತ್ತಿದೆ,” ಅಂದಳು. “ಆ ಕಿಟಕಿ ನೋಡ್ಕೊಂಡು ಹೋಗ್ತೀನಿ.”

“ನಾನೂ ಬರ್ಲಾ?”

“ಬೇಡ,” ಅಂದಳು. ಸಿಟ್ಟಿನಿಂದ ಅಲ್ಲ. ಸಿಟ್ಟಿನಿಂದ ಅಂದಿದ್ದರೆ ಅವನು ಜಗಳವಾಡಿಯಾದರೂ ಜೊತೆಗೆ ಹೋಗುತ್ತಿದ್ದ. “ನೀನು ಬಂದ್ರೆ ನಾನು ನಿನ್ನ ಮುಖ ನೋಡ್ಬೇಕಾಗುತ್ತೆ. ಈಗ ಆಗಲ್ಲ ನನ್ನ ಕೈಲಿ. ತುಂಬಾ ತಡ ಆಯ್ತು ಕಣೋ.”

ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಯ ಸದ್ದು ಒಂದೊಂದಾಗಿ ಇಳಿಯಿತು. ಡಾಕ್ಟರು ಬೈಕಿನ ಎರಡನೇ ಬೀಗದ ಕೈಗೆ ಅಂಗೈ ಒಡ್ಡಿದರು. ಅವನು ಕೊಟ್ಟ. “ಸ್ವಲ್ಪ ಕೂತು ಹೋಗಿ,” ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವನು ಕೂತ. ಎಷ್ಟು ಹೊತ್ತೋ. ಗದ್ದಕ್ಕೂ ನೆತ್ತಿಗೂ ಸೇರಿಸಿ ಕರವಸ್ತ್ರ ಕಟ್ಟಿಕೊಂಡ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಅವನ ಪಕ್ಕದ ಕುರ್ಚಿಯಲ್ಲೇ ಕುಸಿದಳು. ಅವಳ ಒಂದು ಕೆನ್ನೆ ಬನ್ನಿನಂತೆ ಊದಿತ್ತು. ಬಗ್ಗಿ ಅವನ ಮುಖ ನೋಡಿದಳು, ಕಣ್ಣು ನೋಡಿದಳು.

“ಅಯ್ಯೋ ಪಾಪ,” ಅಂದಳು, ಊದಿದ ಬಾಯಿಯಲ್ಲಿ. “ಇಷ್ಟು ದೊಡ್ಡ ಗಂಡಸನ್ನೂ ಅಳಿಸಿಬಿಡ್ತಲ್ಲ ಹಾಳಾದ್ದು. ಯಾವ ಹಲ್ಲು ಮಗಾ?”

ಕಿಡಿ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಕೈ ಎತ್ತಿ ಬಲಗೆನ್ನೆಯ ಮೇಲೆ ಇಟ್ಟುಕೊಂಡ.

“ಒತ್ತಿ ಹಿಡ್ಕೋ,” ಅಂದಳು ಮುದುಕಿ. “ಒತ್ತಿ ಹಿಡಿದ್ರೆ ಸ್ವಲ್ಪ ತಡ್ಕೋಬಹುದು.”

ಇಬ್ಬರೂ ಕೆನ್ನೆ ಹಿಡಿದುಕೊಂಡು, ಬಾಗಿಲು ಯಾವಾಗ ತೆರೆದೀತೆಂದು ನೋಡುತ್ತ ಕೂತರು.